ಹೊಸ ಬ್ರೇಕಿನ ಕೂಗು

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಯಜಮಾನರು ಬ್ಯಾಂಕೊಂದರಲ್ಲಿ ಅಧಿಕಾರಿಗಳು. ಗೃಹಿಣಿ ಪ್ರೌಢಶಾಲೆಯ ಅಧ್ಯಾಪಕಿ. ಜೊತೆಗೆ ವಯಸ್ಸಾದ ತಾಯಿ, ಆಗತಾನೆ ಕಾಲೇಜಿನ ಮೆಟ್ಟಿಲು ಹತ್ತಿದ ಮಗಳು. ಎಂಟು ವರ್ಷದ ಹಳೆಯ ಪುಟ್ಟ ಕಾರು ಆ ಮನೆಯ ಐದನೆಯ ಸದಸ್ಯ. ವಾರದ ಹಿಂದೆಯಷ್ಟೆ ಅದರ ಮುಂದಿನ ಗಾಲಿಗಳ ಬ್ರೇಕ್ ಪ್ಯಾಡುಗಳನ್ನು ಬದಲಾಯಿಸಲಾಗಿದೆ. ಹಣ ಕೊಟ್ಟದ್ದಾಯಿತು, ರಸೀದಿ ಪಡೆದದ್ದಾಯಿತು. ಇನ್ನು ಕೆಲವು ವರ್ಷ ಆ ಕಡೆಯ ಚಿಂತೆಯಿಲ್ಲವೆಂಬ ನೆಮ್ಮದಿಯಿಂದ, ಭಾನುವಾರ ಬೆಳಗ್ಗೆ ಸಂಸಾರವು ಹರಿಹರೇಶ್ವರನ ದರ್ಶನಕ್ಕೆ ಹೊರಟಿದೆ.

ಮೊದಲನೆಯ ತಿರುವಿನಲ್ಲಿ ಯಜಮಾನರು ಬ್ರೇಕನ್ನು ತುಳಿದರು. "ಕೀಂ..." ಎಂದು ಕಿವಿಯನ್ನು ಸೀಳುವಂಥ ಕೂಗು! ಹಾಲಿನ ಅಂಗಡಿಯ ಮುಂದೆ ನಿಂತವರೆಲ್ಲ ಒಮ್ಮೆಲೆ ತಿರುಗಿ ನೋಡಿದರು. ಮಗಳು ಮುಖ ಮುಚ್ಚಿಕೊಂಡಳು. ಅಜ್ಜಿ, "ಹಳೇದೇ ಚೆನ್ನಾಗಿತ್ತಲ್ಲೋ ಮಗನೆ, ದುಡ್ಡು ಕೊಟ್ಟು ಈ ಕೂಗು ತಂದಿಯಾ?" ಎಂದರು.

ಅಜ್ಜಿಯ ಪ್ರಶ್ನೆ ಉತ್ತರಕ್ಕೆ ಯೋಗ್ಯವಾದ ಪ್ರಶ್ನೆ. ಹಳೆಯ ಪ್ಯಾಡು ಸುಮ್ಮನಿತ್ತು, ಹೊಸ ಪ್ಯಾಡು ಕೂಗುತ್ತಿದೆ. ಇದೇಕೆ ಹೀಗೆ?

ಸಲಹೆ ಹೇಳುವವರಿಗೆ ನಮ್ಮ ಊರುಗಳಲ್ಲಿ ಬರಗಾಲವಿಲ್ಲ. ಆ ವಾರದಲ್ಲಿಯೇ ಯಜಮಾನರಿಗೆ ಮೂರು ಸಲಹೆಗಳು ದೊರಕಿದ್ದವು. ಪಕ್ಕದ ಮನೆಯವರು, "ಪ್ಯಾಡು ನಕಲಿ ಇರಬೇಕು, ಕಿತ್ತುಹಾಕಿಸಿ ಬೇರೆ ಹಾಕಿಸಿ" ಎಂದಿದ್ದರು. ಸಹೋದ್ಯೋಗಿಯೊಬ್ಬರು, "ಹೊಸದು ಕೂಗುವುದೇ ಸರಿ, ತಾನಾಗಿಯೇ ಹೋಗುತ್ತದೆ" ಎಂದು ಸಮಾಧಾನ ಹೇಳಿದ್ದರು. ಮೂರನೆಯವರು, "ಒಂದಿಷ್ಟು ಎಣ್ಣೆ ಬಿಡಿ, ಬಾಗಿಲಿನ ತಿರುಗಣಿಗೆ ಬಿಡುವುದಿಲ್ಲವೆ?" ಎಂದಿದ್ದರು. ಮೊದಲನೆಯ ಸಲಹೆ ಹಣಕ್ಕೆ ನಷ್ಟ. ಎರಡನೆಯದು ಅರ್ಧ ಸತ್ಯ. ಮೂರನೆಯದು ಪ್ರಾಣಕ್ಕೇ ಸಂಚಕಾರ. ಮೂವರಲ್ಲಿ ಒಬ್ಬರಾದರೂ ಗಾಲಿಯ ಬಳಿ ಬಗ್ಗಿ ನೋಡಿರಲಿಲ್ಲ.

ಕೂಗು ಹುಟ್ಟುವ ಬಗೆ

ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿ ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು, ಹಿಂದಿನ ಗಾಲಿಗಳಿಗೆ ಡ್ರಮ್ ಬ್ರೇಕು. ಡಿಸ್ಕ್ ಎಂದರೆ ಗಾಲಿಯೊಡನೆಯೇ ತಿರುಗುವ ಎರಕದ ಕಬ್ಬಿಣದ ತಟ್ಟೆ. ಆ ತಟ್ಟೆಯ ಒಳಮೈಗೊಂದು, ಹೊರಮೈಗೊಂದು ಪ್ಯಾಡು. ಇವೆರಡನ್ನೂ ಹಿಡಿದ ಇಕ್ಕಳದಂಥ ಸಾಧನವೇ ಕ್ಯಾಲಿಪರ್. ಪಾದದ ಒತ್ತಡವು ಬ್ರೇಕ್ ಆಯಿಲಿನ ಮೂಲಕ ಪಿಸ್ಟನ್ನಿಗೆ ತಲುಪುತ್ತದೆ. ಪಿಸ್ಟನ್ ಒಳಗಿನ ಪ್ಯಾಡನ್ನು ತಟ್ಟೆಗೆ ಒತ್ತುತ್ತದೆ. ಆ ಒತ್ತಡದ ಪ್ರತಿಫಲವಾಗಿ ಕ್ಯಾಲಿಪರ್ ತನ್ನ ಎರಡು ಜಾರುಪಿನ್ನುಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನೂ ಎಳೆದು ತಂದು ಒತ್ತುತ್ತದೆ. ಹೀಗೆ ಎರಡೂ ಕಡೆಯಿಂದ ಹಿಡಿತಕ್ಕೆ ಸಿಕ್ಕ ತಟ್ಟೆ ನಿಲ್ಲುತ್ತದೆ, ಅದರೊಡನೆ ಗಾಲಿಯೂ ನಿಲ್ಲುತ್ತದೆ.

ನಿಲ್ಲುವುದೆಂದರೆ ಸಾಮಾನ್ಯ ಕೆಲಸವಲ್ಲ. 1000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಪೂರ್ತಿ ನಿಂತಾಗ, ಅದರ ಚಲನಶಕ್ತಿಯೆಲ್ಲ ಶಾಖವಾಗುತ್ತದೆ. ಅಡಿಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ, ಸುಮಾರು ಅರ್ಧ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲಷ್ಟು ಶಾಖ! ಒಂದು ಸಲದ ನಿಲುಗಡೆಗೆ ಇಷ್ಟು. ಈ ಶಾಖವನ್ನೂ ಒತ್ತಡವನ್ನೂ ತಡೆಯುತ್ತ ಪ್ಯಾಡು ತಟ್ಟೆಯ ಮೇಲೆ ಉಜ್ಜಬೇಕು.

ಉಜ್ಜುವಾಗ ಪ್ಯಾಡು ಒಂದೇ ಸಮನಾಗಿ ಜಾರದೆ ಕ್ಷಣ ಹಿಡಿದು, ಕ್ಷಣ ಜಾರಿ, ಮತ್ತೆ ಹಿಡಿದರೆ ತಟ್ಟೆಯೂ ಪ್ಯಾಡೂ ಕ್ಯಾಲಿಪರೂ ಒಟ್ಟಾಗಿ ಕಂಪಿಸತೊಡಗುತ್ತವೆ. ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು ನಾದ ಹೊರಡಿಸುವುದೂ ಹೀಗೆಯೇ. ಕಮಾನಿಗೆ ರಾಳ ಹಚ್ಚುವುದು ಆ ಹಿಡಿತಕ್ಕಾಗಿಯೇ. ಸೆಕೆಂಡಿಗೆ ಸುಮಾರು 1000ದಿಂದ 16,000 ಸಲದ ಈ ಕಂಪನವೇ ಕಿವಿಗೆ ಕೀರಲು ಕೂಗಾಗಿ ಕೇಳಿಸುತ್ತದೆ. ಆದ್ದರಿಂದ ಕೂಗಿನ ಜೋರಿಗೂ ಅಪಾಯದ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ. ಊರಿಗೆಲ್ಲ ಕೇಳುವಂತೆ ಕೂಗುವ ಬ್ರೇಕು ಸರಿಯಾಗಿಯೇ ನಿಲ್ಲಿಸುತ್ತಿರಬಹುದು. ಮೆಲ್ಲಗೆ ಗೊರಗುಟ್ಟುವ ಬ್ರೇಕು ಒಳಗೊಳಗೇ ಸವೆದು ಮುಗಿದಿರಬಹುದು.

ಈ ಕೂಗು ಹೊಸದೂ ಅಲ್ಲ. 1902ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಹಕ್ಕುಪತ್ರ ಪಡೆದಾಗ, ಲೋಹಕ್ಕೆ ಲೋಹ ಉಜ್ಜಿ ಹುಟ್ಟುತ್ತಿದ್ದ ಚೀತ್ಕಾರವೇ ಅದರ ದೊಡ್ಡ ಕುಂದಾಗಿತ್ತು. ಕೆಲವು ವರ್ಷಗಳ ಅನಂತರ ಹರ್ಬರ್ಟ್ ಫ್ರೂಡ್ ಎಂಬ ಇಂಗ್ಲೆಂಡಿನ ಉದ್ಯಮಿ ಕಲ್ನಾರಿನ ಹೊದಿಕೆಯನ್ನು ಬಳಕೆಗೆ ತಂದ ಮೇಲೆ ಆ ಸದ್ದು ತಗ್ಗಿತು. ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ಮುಂದೆ ತಿಳಿದುಬಂದು, ಬೇರೆ ಬೇರೆ ಮಿಶ್ರಣಗಳು ಅದರ ಸ್ಥಾನಕ್ಕೆ ಬಂದವು. ಮಿಶ್ರಣ ಬದಲಾಯಿತು, ಕೂಗಿನ ಸಮಸ್ಯೆ ಪೂರ್ತಿ ನೀಗಲಿಲ್ಲ.

ಯಾವಾಗ? ಎಲ್ಲಿ? ಹೇಗೆ?

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ದೊಡ್ಡಬಾತಿಯನ್ನು ದಾಟಿ ಹರಿಹರ ಸೇರುವಷ್ಟರಲ್ಲಿ ಆ ಸಂಸಾರಕ್ಕೆ ಕೂಗು ಕೇಳಿ ಕೇಳಿ ಸಾಕಾಗಿತ್ತು. ಊರ ಮುಂದಿನ ಒಂದು ಸಣ್ಣ ಗ್ಯಾರೇಜಿನಲ್ಲಿ ನರೆತ ಕೂದಲಿನ ಮೇಸ್ತ್ರಿಯೊಬ್ಬನನ್ನು ಕಂಡು ಯಜಮಾನರು ಗಾಡಿ ನಿಲ್ಲಿಸಿ, "ಪ್ಯಾಡು ಕೆಟ್ಟಿದೆ ಮೇಸ್ತ್ರಿ, ಬೇರೆ ಹಾಕಬೇಕು" ಎಂದರು.

ಅವನು ಸ್ಪ್ಯಾನರಿಗೆ ಕೈ ಹಾಕಲಿಲ್ಲ. "ಕೆಟ್ಟಿದ್ದು ಏನಂತ ಆಮೇಲೆ ನೋಡಾಣ ಸಾರ್. ಸದ್ದು ಯಾವಾಗ ಬರ್ತೈತಿ? ತುಳಿದಾಗೋ, ಬಿಟ್ಟಾಗೋ?" ಎಂದು ಕೇಳಿದನು.

ಒಳ್ಳೆಯ ವೈದ್ಯನು ನಾಡಿ ಹಿಡಿಯುವ ಮೊದಲು ಮಾತನಾಡಿಸುತ್ತಾನಷ್ಟೆ. ಬ್ರೇಕಿನ ವಿಷಯದಲ್ಲಿ ಈ ಮಾತುಕತೆಯೇ ಅರ್ಧ ಚಿಕಿತ್ಸೆ. ಪ್ರತಿಯೊಂದು ಸದ್ದಿಗೂ ಅದರದೇ ಅರ್ಥವುಂಟು.

ಬ್ರೇಕು ತುಳಿದಾಗ ಮಾತ್ರ ಕೀರಲು ಕೂಗು ಬಂದು, ಬಿಟ್ಟೊಡನೆ ನಿಂತರೆ ಅದು ಕಂಪನದ ಸದ್ದು. ಪ್ಯಾಡು ಇನ್ನೂ ತಟ್ಟೆಗೆ ಹೊಂದಿಕೊಂಡಿಲ್ಲ, ಇಲ್ಲವೆ ಅದರ ಬೆನ್ನಿನ ತೆಳುತಗಡು, ಕ್ಲಿಪ್ಪು, ಗ್ರೀಸುಗಳಲ್ಲಿ ಲೋಪವಿದೆ ಎಂದು ತಿಳಿಯಬೇಕು. ಮಳೆಯ ಮಾರನೆಯ ಬೆಳಗ್ಗೆ, ಅಥವಾ ಗಾಡಿ ತೊಳೆದ ಮೇಲೆ ಮೊದಲ ನಾಲ್ಕಾರು ಸಲ ಮಾತ್ರ ಸದ್ದು ಬಂದರೆ ಅದು ತಟ್ಟೆಯ ಮೇಲಿನ ತೆಳುವಾದ ತುಕ್ಕು. ಉಜ್ಜಿ ಹೋಗುತ್ತದೆ, ಚಿಂತೆ ಬೇಡ.

ಬ್ರೇಕು ತುಳಿಯದಿದ್ದಾಗಲೂ ಗಾಲಿ ಸುತ್ತಿದಂತೆಲ್ಲ "ಸರ್... ಸರ್..." ಎಂಬ ತಾಳಬದ್ಧ ಕೆರೆತ ಕೇಳಿದರೆ, ತಟ್ಟೆಯ ಹಿಂದಿನ ಧೂಳುತಗಡು ಕೆಲಸದ ಗಡಿಬಿಡಿಯಲ್ಲಿ ಬಾಗಿ ತಾಗುತ್ತಿರಬಹುದು, ಅಥವಾ ಒಂದು ಸಣ್ಣ ಕಲ್ಲು ನಡುವೆ ಸಿಕ್ಕಿರಬಹುದು. ಕೈಯಿಂದ ಮೆಲ್ಲಗೆ ಸರಿಪಡಿಸುವ ಕೆಲಸ. ಬ್ರೇಕು ತುಳಿದೊಡನೆ, ಅಥವಾ ಹಿಂದಕ್ಕೆ ತೆಗೆದು ಮತ್ತೆ ಮುಂದಕ್ಕೆ ಹೊರಟಾಗ "ಟಕ್" ಎಂದು ಒಂದೇ ಪೆಟ್ಟು ಕೇಳಿದರೆ ಪ್ಯಾಡು ತನ್ನ ಗೂಡಿನಲ್ಲಿ ಸಡಿಲವಾಗಿದೆ, ಕ್ಲಿಪ್ಪು ಬಿಟ್ಟುಹೋಗಿದೆ ಎಂದರ್ಥ. ಕ್ಯಾಲಿಪರಿನ ಬೋಲ್ಟೇ ಸಡಿಲವಾಗಿದ್ದರೂ ಇದೇ ಸದ್ದು ಬರುವುದರಿಂದ, ಇದನ್ನು ಅಂದೇ ನೋಡಿಸತಕ್ಕದ್ದು.

ಇನ್ನು "ಗರ್ ಗರ್" ಎಂದು ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಒರಟು ಸದ್ದು ಬಂದರೆ, ಪಾದಕ್ಕೆ ಅದರ ನಡುಕ ತಿಳಿದರೆ, ಗಾಡಿಯನ್ನು ಅಲ್ಲಿಯೇ ನಿಲ್ಲಿಸುವುದು ಲೇಸು. ಹಾಗೆಯೇ ಪೆಡಲು ಮೆತ್ತಗಾಗಿ ಕೆಳಗಿಳಿದರೆ, ಬ್ರೇಕ್ ದೀಪ ಹೊತ್ತಿಕೊಂಡರೆ, ಗಾಡಿ ಒಂದು ಪಕ್ಕಕ್ಕೆ ಎಳೆದರೆ, ಸದ್ದಿರಲಿ ಇಲ್ಲದಿರಲಿ, ಮುಂದಕ್ಕೆ ಓಡಿಸಕೂಡದು.

ಸದ್ದು ಮುಂದಿನದೋ ಹಿಂದಿನದೋ ಎಂಬ ಸಂಶಯ ಬಂದರೆ, ಬರಿದಾದ ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಹೋಗುತ್ತ ಕೈಬ್ರೇಕನ್ನು ಮೆಲ್ಲಗೆ ಎಳೆದು ನೋಡಬಹುದು. ಸಾಮಾನ್ಯವಾಗಿ ಅದು ಹಿಂದಿನ ಗಾಲಿಗಳನ್ನಷ್ಟೆ ಹಿಡಿಯುವುದರಿಂದ, ಆಗ ಸದ್ದು ಬಂದರೆ ತಪ್ಪು ಹಿಂದಿನ ಡ್ರಮ್ಮಿನದು. ಮುಂದಿನ ಹೊಸ ಪ್ಯಾಡಿನ ಮೇಲೆ ಆರೋಪ ಹೊರಿಸುವುದು ಅನ್ಯಾಯ.

ಹೊಸ ಸೊಸೆ, ಹಳೆಯ ಮನೆ

ಪ್ಯಾಡು ಬದಲಾಯಿಸುವುದೆಂದರೆ ಹೊಸ ಸೊಸೆಯನ್ನು ಹಳೆಯ ಮನೆಗೆ ತಂದಂತೆ. ಹೊಸದು ಅದೊಂದೇ, ತಟ್ಟೆ, ಕ್ಲಿಪ್ಪು, ಪಿನ್ನು, ಪಿಸ್ಟನ್ ಎಲ್ಲವೂ ಹಳೆಯವೇ. ಮನೆಯಲ್ಲಿ ಜಗಳ ಕೇಳಿಸಿದೊಡನೆ ಸೊಸೆಯದೇ ತಪ್ಪೆನ್ನುವುದು ಲೋಕರೂಢಿ. ವಿಚಾರಿಸಿ ನೋಡಿದರೆ ಸಂಗತಿ ಬೇರೆಯೇ ಇರುತ್ತದೆ.

ಹಳೆಯ ಪ್ಯಾಡು ತನಗೆ ಬೇಕಾದ ಗೆರೆಗಳನ್ನು ತಟ್ಟೆಯ ಮೇಲೆ ಕೊರೆದಿರುತ್ತದೆ. ಅಂಚಿನಲ್ಲಿ ಸವೆಯದ ಏಣು ಎದ್ದಿರುತ್ತದೆ. ಸಪಾಟಾದ ಹೊಸ ಪ್ಯಾಡು ಆ ಗೆರೆಗಳ ಮೇಲೆ, ಆ ಏಣಿನ ಮೇಲೆ ಕುಳಿತಾಗ ಪೂರ್ತಿ ಮೈ ತಾಗುವುದಿಲ್ಲ. ಪ್ಯಾಡಿನ ಮಿಶ್ರಣವು ತೆಳುವಾದ ಪದರವಾಗಿ ತಟ್ಟೆಗೆ ಅಂಟಿಕೊಳ್ಳುವವರೆಗೆ ಈ ಹೊಂದಾಣಿಕೆ ಆಗದು. ಅದಕ್ಕೆ ಕ್ರಮವೊಂದುಂಟು: ಖಾಲಿ ರಸ್ತೆಯಲ್ಲಿ, ಹಿಂದೆ ಬೇರೆ ವಾಹನವಿಲ್ಲವೆಂದು ನೋಡಿಕೊಂಡು, ಗಂಟೆಗೆ 50 ಕಿಲೋಮೀಟರ್ ವೇಗದಿಂದ 10ಕ್ಕೆ ಹದವಾಗಿ ಇಳಿಸುವುದು, ನಡುನಡುವೆ ತಣಿಯಲು ಬಿಡುವುದು, ಹೀಗೆ ಹತ್ತಾರು ಸಲ ಮಾಡುವುದು. ಬಿಸಿಯಾಗಿರುವಾಗ ಬ್ರೇಕನ್ನು ಬಲವಾಗಿ ತುಳಿದುಕೊಂಡೇ ನಿಲ್ಲಬಾರದು. ಮೊದಲ 200-300 ಕಿಲೋಮೀಟರ್ ಅವಸರದ ಬ್ರೇಕು ಹಾಕದಂತೆ ನಡೆಸುವುದು ಲೇಸು. ಪ್ಯಾಡು ತಯಾರಿಸಿದವರ ಸೂಚನೆ ಬೇರೆಯಾಗಿದ್ದರೆ ಅದೇ ಪ್ರಮಾಣ. "ತಾನಾಗಿಯೇ ಹೋಗುತ್ತದೆ" ಎಂಬ ಮಾತು ಸತ್ಯವಾಗುವುದು ಇಷ್ಟರ ಮಟ್ಟಿಗೆ ಮಾತ್ರ. ಈ ಸಾಕಣೆಯ ಅನಂತರವೂ ಕೂಗು ಉಳಿದರೆ ಕಾರಣ ಹುಡುಕಲೇಬೇಕು.

ಪ್ಯಾಡಿನ ಬೆನ್ನಿಗೆ ಕಂಪನವನ್ನು ನುಂಗಲು ಒಂದು ತೆಳುತಗಡು ಇರುತ್ತದೆ. ಅದಕ್ಕೆ ಶಿಮ್ ಎಂದು ಹೆಸರು. ಪ್ಯಾಡಿನ ಕಿವಿಗಳು ಕೂರುವ ಗೂಡಿನಲ್ಲಿ ಉಕ್ಕಿನ ಕ್ಲಿಪ್ಪುಗಳಿರುತ್ತವೆ. ಅವಸರದ ಕೈಯವರು ತುಕ್ಕು ಕೆರೆಯದೆ ಹಳೆಯ ಕ್ಲಿಪ್ಪನ್ನೇ ಮತ್ತೆ ತುರುಕುವುದುಂಟು, ಶಿಮ್ಮನ್ನು ಮರೆಯುವುದೂ ಉಂಟು. ಕೆಲವು ಪ್ಯಾಡುಗಳಿಗೆ ಸವೆತ ಸೂಚಿಸುವ ಒಂದು ಉಕ್ಕಿನ ನಾಲಗೆ ಇರುತ್ತದೆ. ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ತಟ್ಟೆಗೆ ತಾಗಿ ಕೂಗಿ ಎಚ್ಚರಿಸಬೇಕು. ಒಳಗಿನ ಪ್ಯಾಡು ಹೊರಗೆ, ಎಡದ್ದು ಬಲಕ್ಕೆ ಎಂದು ಅದಲುಬದಲಾದರೆ, ಅಥವಾ ನಾಲಗೆ ಬಾಗಿದ್ದರೆ, ಹೊಸ ಪ್ಯಾಡೇ ಮೊದಲ ದಿನದಿಂದ ಸುಳ್ಳು ಎಚ್ಚರಿಕೆ ಕೊಡತೊಡಗುತ್ತದೆ.

ಗೃಹಿಣಿ ಉಳಿಸಿಟ್ಟ ಪೊಟ್ಟಣ

ಮೇಸ್ತ್ರಿಯು ಮಾತು ಕೇಳುತ್ತ ಕೇಳುತ್ತ ಎರಡೂ ಮುಂದಿನ ಗಾಲಿಗಳ ಬಳಿ ಕುಳಿತು, ಲೋಹವನ್ನು ಮುಟ್ಟದೆ ಅಂಗೈಯನ್ನು ಹತ್ತಿರ ಹಿಡಿದು ನೋಡಿದನು. "ಬಲಕ್ಕಿಂತ ಎಡದ್ದು ಭಾಳ ಕಾದೈತಿ ಸಾರ್. ಹಳೇ ಪ್ಯಾಡು ಇದಾವೇನು?"

ಯಜಮಾನರು ಕೈ ಚೆಲ್ಲಿದರು. ಹಳೆಯದನ್ನು ಯಾರು ಇಟ್ಟುಕೊಳ್ಳುತ್ತಾರೆ? ಆದರೆ ಗೃಹಿಣಿ ಕಾರಿನ ಹಿಂಬದಿ ತೆರೆದು, ಹಳೆಯ ವರ್ತಮಾನಪತ್ರಿಕೆಯಲ್ಲಿ ಸುತ್ತಿದ ಎರಡು ಪೊಟ್ಟಣಗಳನ್ನು ತೆಗೆದರು. ಒಂದರ ಮೇಲೆ "ಎಡ" ಎಂದೂ ಇನ್ನೊಂದರ ಮೇಲೆ "ಬಲ" ಎಂದೂ ಸೀಸದ ಕಡ್ಡಿಯಲ್ಲಿ ಬರೆದಿತ್ತು. ಹೊಸದಕ್ಕೆ ಹಣ ಕೊಟ್ಟ ಮೇಲೆ ಹಳೆಯದನ್ನು ಕೇಳಿ ಪಡೆಯುವುದು ಅವರ ಪದ್ಧತಿ. ಗುರುತು ಹಾಕುವುದು ಅಧ್ಯಾಪಕಿಯ ಅಭ್ಯಾಸ.

ಮೇಸ್ತ್ರಿಯ ಮುಖ ಅರಳಿತು. "ಇದು ಗಾಡಿ ಜಾತಕ ಅಮ್ಮಾರೆ" ಎಂದು ನಾಲ್ಕನ್ನೂ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟನು. ಬಲಗಾಲಿಯ ಎರಡೂ ಪ್ಯಾಡುಗಳು ಹೆಚ್ಚು ಕಡಿಮೆ ಸಮನಾಗಿ ಸವೆದಿದ್ದವು. ಎಡಗಾಲಿಯವುಗಳಲ್ಲಿ ಹೊರಗಿನದು ದಪ್ಪವಾಗಿಯೇ ಇತ್ತು. ಒಳಗಿನದು ಉಕ್ಕಿನ ಬೆನ್ನು ಇನ್ನೇನು ಕಾಣಬೇಕೆನ್ನುವಷ್ಟು ತೆಳ್ಳಗಾಗಿತ್ತು.

ಕಾರಣ ಸ್ಪಷ್ಟವಾಯಿತು. ಎಡಗಡೆಯ ಕ್ಯಾಲಿಪರಿನ ಜಾರುಪಿನ್ನು ತುಕ್ಕು ಹಿಡಿದು ಬಿಗಿದಿತ್ತು. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತಿತ್ತು. ಕ್ಯಾಲಿಪರ್ ಸರಿಯಲಾರದೆ ಹೊರಗಿನದು ಬಡಪಾಯಿಯಂತೆ ಸುಮ್ಮನಿತ್ತು. ಬ್ರೇಕು ಬಿಟ್ಟ ಮೇಲೂ ಒಳಗಿನದು ಪೂರ್ತಿ ಹಿಂದಕ್ಕೆ ಸರಿಯುತ್ತಿರಲಿಲ್ಲ. ಆ ರೋಗವನ್ನು ಹಾಗೆಯೇ ಬಿಟ್ಟು ಹೊಸ ಪ್ಯಾಡನ್ನು ಹಾಕಲಾಗಿತ್ತು. ಅದೂ ಕಾದು, ಮೈ ಗಾಜಿನಂತೆ ನುಣುಪಾಗಿ, ಕೂಗತೊಡಗಿತ್ತು.

ಇಲ್ಲಿ ಅಪಾಯವು ಕೂಗಿನಲ್ಲಿರಲಿಲ್ಲ, ಶಾಖದಲ್ಲಿತ್ತು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದೆ. ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 140ಕ್ಕೆ ಇಳಿಯುತ್ತದೆ. ಸದಾ ಉಜ್ಜುವ ಪ್ಯಾಡಿನ ಕಾವಿಗೆ ಹಳೆಯ ಆಯಿಲು ಕುದ್ದು ಆವಿಯ ಗುಳ್ಳೆ ಕಟ್ಟಿದರೆ, ಪಾದದ ಒತ್ತಡ ಆ ಗುಳ್ಳೆಯನ್ನು ಅದುಮುವುದರಲ್ಲಿಯೇ ಮುಗಿಯುತ್ತದೆ, ಗಾಲಿಗೆ ತಲುಪುವುದಿಲ್ಲ. ಹಳೆಯ ಪ್ಯಾಡು ಸದ್ದಿಲ್ಲದೆ ಈ ದಾರಿಯಲ್ಲಿಯೇ ಸಾಗುತ್ತಿತ್ತು. ಅಜ್ಜಿ ಮೆಚ್ಚಿದ್ದು ಆ ಮೌನವನ್ನು!

ಲೇತಿನ ಊರಿನ ಪಾಠ

ಮೇಸ್ತ್ರಿ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿನ ಜೊತೆಗೆ ಆಧಾರದ ಸ್ಟ್ಯಾಂಡನ್ನೂ ಇರಿಸಿ ಕೆಲಸಕ್ಕೆ ತೊಡಗಿದನು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಕೈಯಾಗಲಿ ತಲೆಯಾಗಲಿ ಹಾಕಬಾರದು. ಬ್ರೇಕಿನ ಧೂಳನ್ನು ಅವನು ಬಾಯಿಂದ ಊದಲಿಲ್ಲ, ಗಾಳಿಯ ಪಂಪಿನಿಂದಲೂ ಊದಲಿಲ್ಲ. ಬ್ರೇಕ್ ತೊಳೆಯುವ ದ್ರವದಿಂದ ನೆನೆಸಿ ಒರೆಸಿದನು.

ಯಜಮಾನರಿಗೆ ಮತ್ತೊಂದು ಸಂಶಯ: "ತಟ್ಟೆಯನ್ನು ಲೇತಿಗೆ ಕೊಟ್ಟು ಒಂದು ಪದರ ಕೆರೆಸಿದರೆ ಹೇಗೆ?"

ಲೇತಿನ ಮಾತು ಹರಿಹರದಲ್ಲಿ ಅಪರಿಚಿತವಲ್ಲ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಊರಿನ ಹೆಸರನ್ನು ಲೇತುಗಳ ಮೂಲಕ ದೇಶದ ಕಾರ್ಯಾಗಾರಗಳಿಗೆ ಪರಿಚಯಿಸಿತ್ತು. ಆ ಕಾರ್ಖಾನೆ ಇಂದಿಲ್ಲ. ಆದರೂ ಲೇತಿನ ಮೊದಲ ಪಾಠ ಹಳೆಯದಾಗುವುದಿಲ್ಲ: ಕೆರೆಯುವ ಮೊದಲು ಅಳೆ. ತಟ್ಟೆಯ ಕನಿಷ್ಠ ದಪ್ಪ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಕೆರೆದ ಮೇಲೆ ಅದಕ್ಕಿಂತ ತೆಳುವಾಗುವಂತಿದ್ದರೆ ಹೊಸ ತಟ್ಟೆಯೇ ಗತಿ. ತೆಳುವಾದ ತಟ್ಟೆ ಶಾಖವನ್ನು ತಾಳಲಾರದು. ತಟ್ಟೆ ಅಡ್ಡಾಡುತ್ತಿದೆಯೆ ಎಂಬುದನ್ನು ಡಯಲ್ ಗೇಜ್ ಇಟ್ಟು ಸುತ್ತಿಸಿ ನೋಡಬೇಕು. ಅನೇಕ ಕಾರುಗಳಿಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಓಲಾಟವೂ ಹೆಚ್ಚೇ. ತಟ್ಟೆ ಕೂರುವ ಮುಖದ ತುಕ್ಕು, ಹೆಚ್ಚುಕಡಿಮೆಯಾಗಿ ಬಿಗಿದ ಗಾಲಿಯ ನಟ್ಟುಗಳು ಇವೂ ಆ ಓಲಾಟಕ್ಕೆ ಕಾರಣವಾಗಬಹುದು.

ಈ ಕಾರಿನ ತಟ್ಟೆ ಅಳತೆಯಲ್ಲಿ ಸರಿಯಾಗಿತ್ತು. ಕೆರೆಸುವ ಅಗತ್ಯವೇ ಬೀಳಲಿಲ್ಲ. ಪಿನ್ನುಗಳನ್ನು ಬಿಚ್ಚಿ, ತುಕ್ಕು ತೆಗೆದು, ಹರಿದಿದ್ದ ರಬ್ಬರ್ ಟೊಪ್ಪಿಗೆಗಳನ್ನು ಬದಲಿಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನು ಹಚ್ಚಲಾಯಿತು. ಸಾಧಾರಣ ಗ್ರೀಸು ಆ ರಬ್ಬರನ್ನು ಉಬ್ಬಿಸಿ ಪಿನ್ನನ್ನು ಮತ್ತೆ ಬಿಗಿಯುವಂತೆ ಮಾಡುತ್ತದೆ. ಹೊಸ ಕ್ಲಿಪ್ಪುಗಳು ಬಂದವು. ಪ್ಯಾಡಿನ ಬೆನ್ನಿಗೂ ಕಿವಿಗಳಿಗೂ ಬ್ರೇಕಿನ ಗ್ರೀಸು ತೆಳುವಾಗಿ ತಾಗಿತು. ಉಜ್ಜುವ ಮುಖಕ್ಕೆ ಒಂದು ಹನಿಯೂ ಇಲ್ಲ. ಎಣ್ಣೆ ಕುಡಿದ ಪ್ಯಾಡು ಕೂಗುವುದಿಲ್ಲವೇನೋ ನಿಜ, ನಿಲ್ಲಿಸುವುದೂ ಇಲ್ಲ! ನುಣುಪಾಗಿದ್ದ ಮೈಯನ್ನು ಉಪ್ಪುಕಾಗದದ ಮೇಲೆ ಹಗುರಾಗಿ ಉಜ್ಜಿ ಒರಟು ಮಾಡಲಾಯಿತು. ಹಳೆಯ ಆಯಿಲನ್ನು ತೆಗೆದು ಹೊಸದನ್ನು ತುಂಬಿಸಿ, ಗಾಳಿ ಬಿಡಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಗಾಡಿ ಕದಲುವ ಮುನ್ನವೇ ಪೆಡಲನ್ನು ಹಲವು ಸಲ ತುಳಿದು ಗಟ್ಟಿಮಾಡಿಕೊಳ್ಳಲಾಯಿತು. ಹಿಂದಕ್ಕೆ ತಳ್ಳಿದ ಪಿಸ್ಟನ್ ಪ್ಯಾಡಿನ ಬಳಿಗೆ ಬಂದು ಸೇರುವವರೆಗೆ ಮೊದಲ ತುಳಿತಕ್ಕೆ ಬ್ರೇಕು ಸಿಗುವುದಿಲ್ಲ. ಇದನ್ನು ಮರೆತು ಗೋಡೆಗೆ ಗುದ್ದುವ ಸಂಭವವುಂಟು.

ಹೊಸ ಪ್ಯಾಡನ್ನು ಮತ್ತೆ ಕೊಳ್ಳುವ ಪ್ರಮೇಯವೇ ಬರಲಿಲ್ಲ. ಪಕ್ಕದ ಮನೆಯವರ ಮಾತು ಕೇಳಿದ್ದರೆ ಎರಡನೆಯ ಜೊತೆಯೂ ಅದೇ ಬಿಗಿದ ಪಿನ್ನಿನ ಬಾಯಿಗೆ ಬೀಳುತ್ತಿತ್ತು. ಸಹೋದ್ಯೋಗಿಯ ಮಾತು ಕೇಳಿದ್ದರೆ ಕೂಗು ಒಂದು ದಿನ ನಿಂತೂಬಿಡಬಹುದಿತ್ತು. ರೋಗ ಮಾತ್ರ ನಿಲ್ಲುತ್ತಿರಲಿಲ್ಲ.

ಗ್ಯಾರೇಜಿಗೆ ಹೋಗುವವರು ನೆನಪಿಡಬೇಕಾದುದು ಹೆಚ್ಚೇನೂ ಇಲ್ಲ. ಸದ್ದು ಯಾವಾಗ, ಯಾವ ಕಡೆ, ತುಳಿದಾಗಲೋ ಬಿಟ್ಟಾಗಲೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು. ಹಳೆಯ ಪ್ಯಾಡುಗಳನ್ನು ಎಡ ಬಲ, ಒಳಗೆ ಹೊರಗೆ ಎಂದು ಗುರುತಿಸಿ ಕೇಳಿ ಪಡೆಯುವುದು. ಪಿನ್ನು ಜಾರುತ್ತಿದೆಯೆ, ಕ್ಲಿಪ್ಪು ಹೊಸದೆ, ತಟ್ಟೆಯನ್ನು ಅಳೆದಿರಾ ಎಂದು ಮೂರು ಪ್ರಶ್ನೆ ಕೇಳುವುದು. ಒಳ್ಳೆಯ ಮೇಸ್ತ್ರಿ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಸಂಸಾರವು ಹರಿಹರೇಶ್ವರನ ಗುಡಿಯನ್ನು ತಲುಪುವ ಹೊತ್ತಿಗೆ ಮಧ್ಯಾಹ್ನದ ಮಂಗಳಾರತಿಯ ಗಂಟೆ ಮೊಳಗುತ್ತಿತ್ತು. ಗುಡಿಯ ಮುಂದೆ ಯಜಮಾನರು ಬ್ರೇಕನ್ನು ತುಳಿದರು. ಕಾರು ಸದ್ದಿಲ್ಲದೆ ನಿಂತಿತು. ಯಾರೂ ತಿರುಗಿ ನೋಡಲಿಲ್ಲ.

"ಈಗ ಸುಮ್ಮನಾಯಿತು ನೋಡು" ಎಂದರು ಅಜ್ಜಿ.

ಗೃಹಿಣಿ ಮಾತ್ರ ಇಳಿದವರು ನೇರವಾಗಿ ಗುಡಿಯತ್ತ ನಡೆಯಲಿಲ್ಲ. ಎಡಗಾಲಿಯ ಬಳಿ ಬಗ್ಗಿ ಅಂಗೈಯನ್ನು ಹತ್ತಿರ ಹಿಡಿದರು. ಅನಂತರ ಬಲಗಾಲಿಯ ಬಳಿ. ಎರಡೂ ಕಡೆಯ ಕಾವು ಒಂದೇ ಸಮನಾಗಿತ್ತು. ಆಮೇಲೆ ಹಣ್ಣುಕಾಯಿಯ ಬುಟ್ಟಿಯನ್ನು ಎತ್ತಿಕೊಂಡರು.